ಬಿಸಿ ಕಾಣುವ ಕ್ಯಾಮೆರಾ: ಕೊಳ್ಳಬೇಕೆ, ಬೇಡವೆ?

ದೀಪಾವಳಿ ಮುಗಿದ ಮರುವಾರದ ಭಾನುವಾರ ನಮ್ಮ ಸಮಿತಿಯ ಸಭೆ ಫ್ರೀಮಾಂಟ್‌ನಲ್ಲಿ ಸದಸ್ಯರೊಬ್ಬರ ಮನೆಯಲ್ಲಿ ಸೇರಿತ್ತು. ಬಿಸಿಬೇಳೆ ಬಾತ್ ಖಾಲಿಯಾಗಿ, ಲೆಕ್ಕಪತ್ರದ ಚರ್ಚೆಯೂ ಮುಗಿದು, ಇನ್ನೇನು ಎಲ್ಲರೂ ಬಾಗಿಲ ಬಳಿ ತಂತಮ್ಮ ಚಪ್ಪಲಿ ಹುಡುಕಿಕೊಳ್ಳಬೇಕು ಎನ್ನುವಾಗ, ವರ್ಷಗಳಿಂದ ತಪ್ಪದೆ ದಾನ ಕೊಡುತ್ತ ಬಂದಿರುವ ಹಿರಿಯರೊಬ್ಬರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ಅದೊಂದು ಜಾಹೀರಾತಿನ ಪ್ರತಿ. ಪಿಸ್ತೂಲಿನ ಆಕಾರದ ಥರ್ಮಲ್ ಕ್ಯಾಮೆರಾ, ಬೆಲೆ 300 ಡಾಲರ್.

"ನೋಡ್ರಪ್ಪಾ, ಇಂಥವು ಹತ್ತು ಕೊಂಡು ನಮ್ಮೂರ ಕಡೆ ಆರೋಗ್ಯ ಶಿಬಿರಗಳಿಗೆ ಕಳಿಸೋಣ. ಹೆಣ್ಣುಮಕ್ಕಳಿಗೆ ಎದೆ ಕ್ಯಾನ್ಸರ್ ಅಂತ ಗೊತ್ತಾಗೋ ಹೊತ್ತಿಗೆ ಕಾಲ ಮೀರಿರುತ್ತೆ. ಇದರಲ್ಲಿ ಗಂಟಿರೋ ಜಾಗ ಕೆಂಪಗೆ ಕಾಣುತ್ತಂತೆ. ದುಡ್ಡು ನಾನು ಕೊಡ್ತೀನಿ" ಎಂದರು.

ಅವರ ಅಕ್ಕ ಊರಿನಲ್ಲಿ ಅದೇ ಕಾಯಿಲೆಯಿಂದ, ತೀರ ತಡವಾಗಿ ಪತ್ತೆಯಾಗಿ, ತೀರಿಕೊಂಡಿದ್ದರೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಾಗಾಗಿ ಕೂಡಲೇ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅಧ್ಯಕ್ಷರು, "ಮೊದಲು ಒಂದನ್ನು ತರಿಸಿ ನೋಡೋಣ. ಎಂಜಿನಿಯರಿಂಗ್ ಓದಿದವರು ಮೂರು ಜನ ಪರೀಕ್ಷೆ ಮಾಡಿ ವರದಿ ಕೊಡಲಿ" ಎಂದು ನಮ್ಮ ಕಡೆ ಬೆರಳು ತೋರಿಸಿದರು. ನಾವು ಮೂವರೂ ಸಾಫ್ಟ್‌ವೇರಿನವರು. ಬಿಸಿ ಎಂದರೆ ತೊಡೆಯ ಮೇಲಿನ ಲ್ಯಾಪ್‌ಟಾಪಿನ ಬಿಸಿ ಎಂದಷ್ಟೇ ಬಲ್ಲವರು. ಆದರೂ ಒಪ್ಪಿಕೊಂಡೆವು. ಸಂಸ್ಥೆಯ ಹಣ ಮುಟ್ಟದೆ, ಮೂವರೂ ಪಾಲು ಹಾಕಿ ಒಂದು ಕ್ಯಾಮೆರಾ ತರಿಸಿ, ಶಿವರಾತ್ರಿಯವರೆಗೆ ಸರದಿಯ ಮೇಲೆ ಬಳಸಿ ನೋಡಿದೆವು. ಈ ಲೇಖನ ಆ ವರದಿಯೇ. ಓದುಗರಿಗೆಂದು ತುಸು ಒಗ್ಗರಣೆ ಹಾಕಿದ್ದೇವೆ, ಅಷ್ಟೆ.

ಮೊದಲಿಗೆ ಈ ಯಂತ್ರ ನೋಡುವುದು ಏನನ್ನು? 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ (ಯುರೇನಸ್ ಗ್ರಹವನ್ನು ಕಂಡುಹಿಡಿದವನೂ ಇವನೇ) ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಕಡೆ ಇಟ್ಟ ಥರ್ಮಾಮೀಟರ್ ಇನ್ನೂ ಹೆಚ್ಚು ಏರಿತು. ಆ ಕಾಣದ ಬೆಳಕೇ ಇನ್‌ಫ್ರಾರೆಡ್, ನಮ್ಮ ವಿಜ್ಞಾನ ಪುಸ್ತಕಗಳ ಅವಗೆಂಪು ಕಿರಣ. ಜಗತ್ತಿನ ಪ್ರತಿಯೊಂದು ವಸ್ತುವೂ, ಮಂಜುಗಡ್ಡೆಯೂ ಸೇರಿದಂತೆ, ತನ್ನ ಉಷ್ಣಾಂಶಕ್ಕೆ ತಕ್ಕಷ್ಟು ಇಂಥ ಕಿರಣವನ್ನು ಸದಾ ಹೊರಸೂಸುತ್ತಿರುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರಾನ್. ನಮ್ಮ ಮೈ ಸೂಸುವ ಕಿರಣ ಅತಿ ಪ್ರಬಲವಾಗಿರುವುದು 9 ಮೈಕ್ರಾನಿನ ಆಸುಪಾಸು. ಥರ್ಮಲ್ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನಿನ ಕಿಟಕಿಯಲ್ಲಿ. ಆದ್ದರಿಂದ ಅದಕ್ಕೆ ದೀಪವೂ ಬೇಡ, ಬೆಳದಿಂಗಳೂ ಬೇಡ.

ಆ ಕಿಟಕಿಯಲ್ಲಿ ಲೋಕ ತಲೆಕೆಳಗು. ಮಾಮೂಲಿ ಗಾಜು ಅಲ್ಲಿ ಗೋಡೆಯಿದ್ದಂತೆ. ಕನ್ನಡಕ ಹಾಕಿದವರೆಲ್ಲ ಕಪ್ಪು ಕನ್ನಡಕದ ಖಳನಾಯಕರಂತೆ ಕಾಣುತ್ತಾರೆ. ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲವಾದರೋ ಬಹುಮಟ್ಟಿಗೆ ಪಾರದರ್ಶಕ. ನಮ್ಮ ಮಕ್ಕಳು ಚೀಲದೊಳಗೆ ಕೈ ಹಾಕಿ ಬೆರಳು ಎಣಿಸುವ ಆಟದಲ್ಲೇ ಒಂದು ಇಡೀ ಸಂಜೆ ಕಳೆದರು. ಗಾಜು ಆಗದ ಕಾರಣ ಈ ಕ್ಯಾಮೆರಾಗಳ ಮಸೂರವನ್ನು ಜರ್ಮೇನಿಯಂನಂಥ ಬೇರೆ ವಸ್ತುಗಳಿಂದ ಮಾಡಬೇಕಾಗುತ್ತದೆ. ಇವು ಬಹುಕಾಲ ದುಬಾರಿಯಾಗಿದ್ದುದಕ್ಕೆ ಅದೂ ಒಂದು ಕಾರಣ.

ದೊಡ್ಡ ಕಾರಣ ಒಳಗಿನ ಚಿಪ್. ಹಳೆಯ ಥರ್ಮಲ್ ಕ್ಯಾಮೆರಾಗಳ ಚಿಪ್ಪನ್ನು ದ್ರವ ಸಾರಜನಕದಂಥದರಿಂದ ತಣ್ಣಗಿಡಬೇಕಾಗಿತ್ತು. 1980ರ ದಶಕದಲ್ಲಿ ಅಮೆರಿಕದ ಸೇನೆಯ ಹಣದಿಂದ ಹನಿವೆಲ್ ಕಂಪನಿ ಮಿನಿಯಾಪೊಲಿಸ್‌ನಲ್ಲಿ ಮೈಕ್ರೋಬೋಲೋಮೀಟರ್ ಎಂಬ, ತಣ್ಣಗಿಡಬೇಕಿಲ್ಲದ ಚಿಪ್ ತಯಾರಿಸಿತು. ಕೂದಲೆಳೆಗಿಂತ ಸಣ್ಣ ಚೌಕಗಳು, ಪ್ರತಿಯೊಂದೂ ಎಳೆಗಾಲಿನ ಮೇಲೆ ನಿಂತ ಪುಟ್ಟ ಮೇಜಿನಂತೆ. ಕಿರಣ ಬಿದ್ದು ಮೇಜು ಬಿಸಿಯಾದರೆ ಅದರ ವಿದ್ಯುತ್ ಪ್ರತಿರೋಧ ಬದಲಾಗುತ್ತದೆ, ಅದನ್ನು ಓದಿಕೊಂಡರಾಯಿತು. 1992ರವರೆಗೆ ಇದು ಗುಟ್ಟಾಗಿಯೇ ಇತ್ತು. 2014ರಲ್ಲಿ ಫೋನಿಗೆ ತೊಡಿಸುವ ಫ್ಲಿರ್ ಒನ್ 350 ಡಾಲರಿಗೂ, ಸೀಕ್ ಥರ್ಮಲ್ 200 ಡಾಲರಿಗೂ ಬಂದಾಗ ಸಾಮಾನ್ಯರ ಕೈಗೆ ಮೊದಲ ಸಲ ಇದು ಎಟುಕಿತು. ಅದಕ್ಕೆ ಮುಂಚೆ ಸಾವಿರಾರು ಡಾಲರಿನ ಮಾತು. ಈಗ ಚೀನಾದ ತಯಾರಕರೂ ಕಣಕ್ಕಿಳಿದು, 200ರಿಂದ 400 ಡಾಲರಿಗೆ 256 ಅಡ್ಡ, 192 ಉದ್ದ ಚುಕ್ಕಿಗಳ ಕೈಕ್ಯಾಮೆರಾ ಸಿಗುತ್ತದೆ. ನಾವು ತರಿಸಿದ್ದೂ ಆ ಜಾತಿಯದೇ. ಕಂಪನಿಯ ಹೆಸರು ಹೇಳುತ್ತಿಲ್ಲ. ಈ ಬೆಲೆಯವೆಲ್ಲ ಹೆಚ್ಚುಕಡಿಮೆ ಅಕ್ಕತಂಗಿಯರೇ.

256 ಇಂಟು 192 ಎಂದರೆ ಸುಮಾರು 49 ಸಾವಿರ ಚುಕ್ಕಿ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ಕೋಟಿಗೂ ಮೀರಿದ ಚುಕ್ಕಿಗಳಿವೆ ಎಂಬುದನ್ನು ನೆನೆದರೆ ಇದು ಬಡಪಾಯಿಯೇ ಸರಿ. ಆದರೆ 80 ಇಂಟು 60ರ, ಬರೀ 4,800 ಚುಕ್ಕಿಗಳ ಹಳೆಯ ಅಗ್ಗದ ಮಾದರಿಗಳಿಗಿಂತ ಹತ್ತು ಪಟ್ಟು ವಾಸಿ. ಕೊಳ್ಳುವವರು ಒಂದು ಸಣ್ಣ ಲೆಕ್ಕ ಮಾಡಬೇಕು. ನಮ್ಮ ಕ್ಯಾಮೆರಾದ ನೋಟದ ಅಗಲ ಸುಮಾರು 50 ಡಿಗ್ರಿ. ಅದನ್ನು 256ರಿಂದ ಭಾಗಿಸಿದರೆ ಒಂದು ಮೀಟರ್ ದೂರದಲ್ಲಿ ಒಂದು ಚುಕ್ಕಿ ಕಾಣುವುದು ಮೂರೂವರೆ ಮಿಲಿಮೀಟರ್ ಜಾಗವನ್ನು. ನಂಬುವಂಥ ಉಷ್ಣಾಂಶ ಸಿಗಬೇಕಾದರೆ ಕನಿಷ್ಠ ಮೂರು ಇಂಟು ಮೂರು ಚುಕ್ಕಿಯಾದರೂ ಆ ವಸ್ತುವಿನ ಮೇಲೆ ಬೀಳಬೇಕು, ಅಂದರೆ ಒಂದು ಸೆಂಟಿಮೀಟರ್. ಮೂರು ಮೀಟರ್ ಹಿಂದೆ ಸರಿದರೆ ಮೂರು ಸೆಂಟಿಮೀಟರ್. ಅದಕ್ಕಿಂತ ಚಿಕ್ಕ ಸ್ಕ್ರೂ ಒಂದು ಕೆಂಡದಂತೆ ಕಾದಿದ್ದರೂ ಕ್ಯಾಮೆರಾ ಅದನ್ನು ಸುತ್ತಲ ತಂಪಿನ ಜೊತೆ ಸೇರಿಸಿ ಸರಾಸರಿ ಮಾಡಿ, ಏನೂ ಆಗಿಲ್ಲ ಎಂಬಂತೆ ತೋರಿಸೀತು.

ಇನ್ನು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು "0.05 ಡಿಗ್ರಿ ಸೂಕ್ಷ್ಮತೆ" ಎಂದು. ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿರುವುದು "ನಿಖರತೆ ±2 ಡಿಗ್ರಿ" ಎಂದು. ಎರಡೂ ನಿಜ! ಇಡೀ ವರದಿಯಲ್ಲಿ ಓದುಗರು ನೆನಪಿಡಬೇಕಾದ್ದು ಇದೊಂದನ್ನೇ, ಆದ್ದರಿಂದ ನಿಧಾನವಾಗಿ ಹೇಳುತ್ತೇವೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಮ್ಮ ನಮ್ಮ ಹಣೆ ಮುಟ್ಟಿ, ಪಕ್ಕದಲ್ಲಿ ಮಲಗಿದ ತಮ್ಮನ ಹಣೆಯನ್ನೂ ಮುಟ್ಟಿ, "ಇವನದು ಸ್ವಲ್ಪ ಬಿಸಿ" ಎನ್ನುತ್ತಿದ್ದರಲ್ಲ? ಆ ವ್ಯತ್ಯಾಸ ಹೇಳುವುದರಲ್ಲಿ ಅಮ್ಮನ ಕೈ ತಪ್ಪುತ್ತಿರಲಿಲ್ಲ. ಆದರೆ ಜ್ವರ 100 ಡಿಗ್ರಿಯೋ 102 ಡಿಗ್ರಿಯೋ ಎಂದು ಡಾಕ್ಟರಿಗೆ ಹೇಳಲು ಅದೇ ಕೈ ಸಾಲದು, ಥರ್ಮಾಮೀಟರ್ ಬೇಕು. ಅಗ್ಗದ ಥರ್ಮಲ್ ಕ್ಯಾಮೆರಾ ಅಮ್ಮನ ಕೈಯಂತೆ. ಒಂದೇ ಚಿತ್ರದೊಳಗೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಅದ್ಭುತವಾಗಿ ಹೇಳುತ್ತದೆ. ಎಷ್ಟು ಎಂದು ಕೇಳಿದರೆ ತಡವರಿಸುತ್ತದೆ.

ನಿಖರತೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಾತ್ರೆಯ ತುಂಬ ಮಂಜುಗಡ್ಡೆಯ ಚೂರು ಹಾಕಿ, ನೀರು ಸುರಿದು, ಚೆನ್ನಾಗಿ ಕಲಕಿದರೆ ಅದು ಸೊನ್ನೆ ಡಿಗ್ರಿ ಸೆಲ್ಸಿಯಸ್. ನಮ್ಮ ಕ್ಯಾಮೆರಾ ಆನ್ ಮಾಡಿದ ಕೂಡಲೇ 3.1 ಎಂದಿತು. ಹತ್ತು ನಿಮಿಷ ಬಿಟ್ಟು ಅದು ತಾನು ಬೆಚ್ಚಗಾದ ಮೇಲೆ 1.4 ಎಂದಿತು. ಆದ್ದರಿಂದ ಆನ್ ಮಾಡಿದೊಡನೆ ಸಿಗುವ ಅಂಕಿಯನ್ನು ನಂಬಬೇಡಿ. ಆಗಾಗ ಒಳಗಿನಿಂದ ಟಕ್ ಎಂದು ಸದ್ದು ಬಂದು ಚಿತ್ರ ಕ್ಷಣ ಹೊತ್ತು ನಿಲ್ಲುತ್ತದೆ. ಅದು ಕೆಟ್ಟಿರುವುದಲ್ಲ, ಒಳಗಿನ ಪರದೆ ಮುಚ್ಚಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದು. ಈ ಪರೀಕ್ಷೆಯನ್ನು ಕುದಿಯುವ ನೀರಿನಲ್ಲೂ ಮಾಡಬಹುದು, ಆದರೆ ಆವಿ ನಡುವೆ ಬಂದು ಲೆಕ್ಕ ಕೆಡಿಸುತ್ತದೆ. ಬೆಂಗಳೂರಿನಲ್ಲಿ ಮಾಡುವವರು ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ ಎಂಬುದನ್ನೂ ಮರೆಯಬಾರದು; ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ.

ನಿಜವಾದ ಪಾಠ ಕಲಿಸಿದ್ದು ಮಾತ್ರ ಕಾಫಿ ಲೋಟ. ಹಬೆಯಾಡುವ ಫಿಲ್ಟರ್ ಕಾಫಿಯನ್ನು ಫಳಫಳ ಹೊಳೆಯುವ ಸ್ಟೀಲ್ ಲೋಟಕ್ಕೆ ಸುರಿದು ಪಕ್ಕದಿಂದ ಕ್ಯಾಮೆರಾ ಹಿಡಿದರೆ, ಲೋಟ 29 ಡಿಗ್ರಿ ಎಂದಿತು. ಮುಟ್ಟಿದರೆ ಬೆರಳು ಸುಡುತ್ತಿದೆ! ಕಾರಣ ಇಷ್ಟೆ: ಹೊಳೆಯುವ ಲೋಹ ತನ್ನ ಬಿಸಿಯನ್ನು ಕಿರಣವಾಗಿ ಬಿಟ್ಟುಕೊಡುವುದರಲ್ಲಿ ಮಹಾ ಜಿಪುಣ. ಅದರ ಬದಲು ಕನ್ನಡಿಯಂತೆ ಸುತ್ತಲಿನ ಗೋಡೆಯ, ನಮ್ಮ ಮುಖದ ಕಿರಣವನ್ನೇ ಹಿಂದಕ್ಕೆ ಎಸೆಯುತ್ತದೆ. ಈ ಹೊರಸೂಸುವ ಗುಣಕ್ಕೆ ಎಮಿಸಿವಿಟಿ ಎನ್ನುತ್ತಾರೆ, ಗರಿಷ್ಠ 1. ನಮ್ಮ ಚರ್ಮ 0.98, ನೀರು 0.96, ಎಲೆಕ್ಟ್ರಿಷಿಯನ್ನರ ಕಪ್ಪು ಟೇಪ್ ಸುಮಾರು 0.95. ಉಜ್ಜಿದ ಅಲ್ಯೂಮಿನಿಯಂ 0.1ನ್ನೂ ಮುಟ್ಟುವುದಿಲ್ಲ. ಅದೇ ಲೋಟದ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿ ನೋಡಿದೆವು: ಟೇಪ್ 66 ಡಿಗ್ರಿ, ಪಕ್ಕದ ಸ್ಟೀಲ್ ಮತ್ತೆ 29. ಹತ್ತು ಡಾಲರ್ ಕೊಟ್ಟು ಬೇರೇನೂ ಕೊಳ್ಳದಿದ್ದರೂ ಪರವಾಗಿಲ್ಲ, ಒಂದು ಸುರುಳಿ ಕಪ್ಪು ಟೇಪ್ ಕೊಳ್ಳಿ. ಅಂದಹಾಗೆ ಊರಿಂದ ತಂದ ಕಬ್ಬಿಣದ ದೋಸೆ ಹೆಂಚು, ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾದದ್ದು, ಕ್ಯಾಮೆರಾಕ್ಕೆ ಬಲು ಇಷ್ಟ. ನಡುವೆ 210, ಅಂಚಿನಲ್ಲಿ 150. ದೋಸೆಯ ಅಂಚು ಯಾಕೆ ಏಳುವುದಿಲ್ಲ ಎಂಬ ನಮ್ಮ ಮನೆಯ ಹಳೆಯ ವ್ಯಾಜ್ಯ ಒಲೆಯ ವಿರುದ್ಧ ತೀರ್ಮಾನವಾಯಿತು. 150 ಡಿಗ್ರಿಗೇ ನಿಂತುಬಿಡುವ ಕ್ಯಾಮೆರಾಗಳೂ ಇವೆ, ಕೊಳ್ಳುವಾಗ ನೋಡಿಕೊಳ್ಳಿ.

ಇನ್ನು ಬೇ ಏರಿಯಾದ ಮನೆಗಳ ವಿಷಯ. ಕ್ಯಾಲಿಫೋರ್ನಿಯಾದ ಕಟ್ಟಡಗಳಿಗೆ ಇಂಧನ ಉಳಿತಾಯದ ನಿಯಮಗಳು ಬಂದದ್ದು 1978ರ ಸುಮಾರಿಗೆ. ಅದಕ್ಕೂ ಮುಂಚಿನ ಮನೆಗಳು, ನಮ್ಮಲ್ಲನೇಕರು ಉಸಿರು ಬಿಗಿಹಿಡಿದು ಕೊಂಡ ಹತ್ತಾರು ಲಕ್ಷ ಡಾಲರಿನ ಮನೆಗಳು, ಎಷ್ಟೋ ಕಡೆ ಗೋಡೆಯೊಳಗೆ ಹತ್ತಿಯೂ ಇಲ್ಲ, ಏನೂ ಇಲ್ಲ, ಬರೀ ಗಾಳಿ. ಅದನ್ನು ಗೋಡೆ ಒಡೆಯದೆ ನೋಡಲು ಈ ಕ್ಯಾಮೆರಾಕ್ಕಿಂತ ಸುಲಭ ದಾರಿ ಇಲ್ಲ. ಷರತ್ತು ಒಂದೇ: ಮನೆಯ ಒಳಗೂ ಹೊರಗೂ ಕನಿಷ್ಠ ಹತ್ತು ಡಿಗ್ರಿ ಸೆಲ್ಸಿಯಸ್ ಅಂತರವಿರಬೇಕು. ನಮ್ಮ ಸೌಮ್ಯ ಹವೆಯಲ್ಲಿ ಅದು ಸಿಗುವುದು ಡಿಸೆಂಬರ್, ಜನವರಿಯ ಬೆಳಗಿನ ಜಾವ. ಸಂಕ್ರಾಂತಿಯ ದಿನ ಬೆಳಿಗ್ಗೆ ಐದೂವರೆಗೆ, ಹೊರಗೆ 4 ಡಿಗ್ರಿ, ಒಳಗೆ 20 ಇದ್ದಾಗ, ನಮ್ಮಲ್ಲೊಬ್ಬರ 1961ರ ಮನೆಯನ್ನು ನೋಡಿದೆವು. ಗೋಡೆಯೊಳಗಿನ ಮರದ ಕಂಬಗಳು ಪಕ್ಕೆಲುಬಿನಂತೆ ಒಂದೊಂದಾಗಿ ಕಂಡವು. ಮಲಗುವ ಕೋಣೆಯ ಒಂದು ಮೂಲೆಯ ಸೂರಿನಲ್ಲಿ ಎರಡಡಿ ಅಗಲದ ನೀಲಿ ಚೌಕ: ಅಟ್ಟದಲ್ಲಿ ಹಿಂದೆ ಯಾರೋ ತಂತಿ ಎಳೆಯಲು ಹತ್ತಿಯ ಹಾಸನ್ನು ಸರಿಸಿ, ಮರಳಿ ಹಾಸದೆ ಇಳಿದು ಬಂದಿದ್ದರು. ಆ ಮೂಲೆಯಲ್ಲೇ ಮಗುವಿನ ಮಂಚ. ಮಗು ರಾತ್ರಿಯೆಲ್ಲ ಕೆಮ್ಮುವುದಕ್ಕೂ ಆ ಚೌಕಕ್ಕೂ ಸಂಬಂಧವಿದೆಯೇ ಎಂದು ನಾವು ಹೇಳಲಾರೆವು. ಹಾಸನ್ನು ಸರಿಪಡಿಸಲು ಹಿಡಿದದ್ದು ಅರ್ಧ ಗಂಟೆ, ಖರ್ಚು ಸೊನ್ನೆ. ಇದನ್ನೇ ಮಧ್ಯಾಹ್ನ ಬಿಸಿಲು ಬಿದ್ದ ಗೋಡೆಯ ಮೇಲೆ ಮಾಡಿದ್ದರೆ ಏನೂ ತಿಳಿಯುತ್ತಿರಲಿಲ್ಲ.

ಸನಿವೇಲ್, ಪಾಲೊ ಆಲ್ಟೊ, ಸ್ಯಾನ್ ಮಟೇಯೊ ಕಡೆ ಐಕ್ಲರ್ ಮನೆಯಲ್ಲಿರುವವರಿಗೆ ಒಂದು ವಿಶೇಷ ಮಾತು. ಜೋಸೆಫ್ ಐಕ್ಲರ್ ಎಂಬ ಕಟ್ಟಡಗಾರ ಮುಖ್ಯವಾಗಿ 1950 ಮತ್ತು 60ರ ದಶಕಗಳಲ್ಲಿ ಸುಮಾರು 11 ಸಾವಿರ ಮನೆಗಳನ್ನು ಕಟ್ಟಿದ. ಬಿಳಿಯರಲ್ಲದವರಿಗೆ ಮನೆ ಮಾರಲು ಇತರ ಕಟ್ಟಡಗಾರರು ಹಿಂಜರಿಯುತ್ತಿದ್ದ ಕಾಲದಲ್ಲಿ ಯಾರಿಗಾದರೂ ಮಾರುತ್ತೇನೆ ಎಂದು ನಿಂತವನು; ಇದೇ ವಿಷಯಕ್ಕೆ 1958ರಲ್ಲಿ ಕಟ್ಟಡಗಾರರ ರಾಷ್ಟ್ರೀಯ ಸಂಘವನ್ನೂ ಬಿಟ್ಟು ಹೊರಬಂದವನು. ಅವನ ಮನೆಗಳಲ್ಲಿ ಬಿಸಿನೀರಿನ ಕೊಳವೆಗಳು ನೆಲದ ಕಾಂಕ್ರೀಟಿನೊಳಗೇ ಹುದುಗಿವೆ. ಅರ್ಧ ಶತಮಾನದ ಮೇಲೆ ಅವು ಸೋರತೊಡಗಿದರೆ ಎಲ್ಲಿ ಅಗೆಯುವುದು? ನೆಲ ಪೂರ್ತಿ ತಣ್ಣಗಾದ ಮೇಲೆ ಹೀಟರ್ ಹಾಕಿ ಕ್ಯಾಮೆರಾ ಹಿಡಿದರೆ, ಸ್ವಲ್ಪ ಹೊತ್ತಿನಲ್ಲೇ ಕೊಳವೆಯ ಜಾಡು ನೆಲದ ಮೇಲೆ ಯಾರೋ ರಂಗೋಲಿ ಎಳೆದಂತೆ ಮೂಡುತ್ತ ಬರುತ್ತದೆ. ಸೋರಿಕೆ ಇರುವ ಕಡೆ ಗೆರೆ ಗೆರೆಯಾಗಿ ಉಳಿಯದೆ ಮಸಿ ಚೆಲ್ಲಿದಂತೆ ಹರಡುತ್ತದೆ. ಕೊಳವೆಯ ಜಾಡು ತಿಳಿದರೆ ನೆಲಕ್ಕೆ ಮೊಳೆ ಹೊಡೆಯುವ ಮುನ್ನವೂ ಉಪಯೋಗ. ಆದರೆ ಆ ಮನೆಗಳ ದೊಡ್ಡ ದೊಡ್ಡ ಗಾಜಿನ ಗೋಡೆಗಳತ್ತ ಕ್ಯಾಮೆರಾ ತಿರುಗಿಸಿದರೆ ಕಾಣುವುದು ನಿಮ್ಮದೇ ಬಿಸಿ ನೆರಳು. ಯಾರೋ ನಿಂತಿದ್ದಾರೆಂದು ಗಾಬರಿಯಾಗಬೇಡಿ.

ನಮ್ಮ ಎದೆ ನಿಜವಾಗಿ ಝಲ್ಲೆಂದದ್ದು ಬೇರೊಂದು ಮನೆಯ ಗರಾಜಿನಲ್ಲಿ. ವಿದ್ಯುತ್ ಕಾರನ್ನು ದಿನಾ ರಾತ್ರಿ 240 ವೋಲ್ಟಿನ ಗೋಡೆ ಸಾಕೆಟ್ಟಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಕುಟುಂಬ ಅದು. 32 ಆಂಪಿಯರ್, ಅಂದರೆ ಸುಮಾರು 7,700 ವಾಟ್, ಗಂಟೆಗಟ್ಟಲೆ. ಮುಕ್ಕಾಲು ಗಂಟೆ ಚಾರ್ಜ್ ಆದ ಮೇಲೆ ನೋಡಿದರೆ, ಪ್ಲಗ್ಗಿನ ಒಂದು ಬದಿ 38 ಡಿಗ್ರಿ, ಇನ್ನೊಂದು ಬದಿ 71! ಇದು ಹೊರಮೈಯ ಬಿಸಿ. ಒಳಗೆ ಇನ್ನೂ ಹೆಚ್ಚಿರಲೇಬೇಕು. ಇಂಥ ತಂತಿ ಜೋಡಣೆಗಳನ್ನು ಸಾಮಾನ್ಯವಾಗಿ ರೂಪಿಸುವುದು 75 ಡಿಗ್ರಿಯ ಮಿತಿಗೆ. ಪಿಯುಸಿಯಲ್ಲಿ ಓದಿದ ಸೂತ್ರ ನೆನಪಿಸಿಕೊಳ್ಳಿ: ಬಿಸಿ ಎಂದರೆ ಕರೆಂಟಿನ ವರ್ಗ ಗುಣಿಸು ಪ್ರತಿರೋಧ. ಗಟ್ಟಿಯಾಗಿ ಬಿಗಿದ ಸ್ಕ್ರೂವಿನ ಪ್ರತಿರೋಧ ಒಂದು ಮಿಲಿಓಮ್ ಎಂದುಕೊಂಡರೆ 32 ಆಂಪಿಯರಿನಲ್ಲಿ ಹುಟ್ಟುವ ಬಿಸಿ ಒಂದೇ ವಾಟ್. ಸಡಿಲವಾಗಿ ಅದು ಇಪ್ಪತ್ತು ಮಿಲಿಓಮ್ ಆದರೆ 20 ವಾಟ್, ಅಂದರೆ ಗೋಡೆಯೊಳಗೆ, ಮರದ ಕಂಬದ ಪಕ್ಕ, ಒಂದು ಸೋಲ್ಡರಿಂಗ್ ಐರನ್ ಹಚ್ಚಿಟ್ಟ ಹಾಗೆ. ಅದೇ ರಾತ್ರಿ ಚಾರ್ಜಿಂಗ್ ನಿಲ್ಲಿಸಿದರು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದಾಗ ಸ್ಕ್ರೂ ಅರ್ಧ ಸುತ್ತು ಸಡಿಲ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಅಗ್ಗದ ಸಾಕೆಟ್ ತೆಗೆದು ದಪ್ಪ ಕೈಗಾರಿಕಾ ದರ್ಜೆಯದನ್ನು ಹಾಕಿದರು. ಮತ್ತೆ ನೋಡಿದಾಗ ಎರಡೂ ಬದಿ 36ರ ಆಸುಪಾಸು. ಮನೆಯಾಕೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಗರಾಜಿನ ಮೇಲಿನ ಕೋಣೆಯಲ್ಲೇ ಅವರ ಅತ್ತೆ ಮಾವ ಮಲಗುವುದು. ಒಂದು ಎಚ್ಚರಿಕೆ: ವಿದ್ಯುತ್ ಪ್ಯಾನೆಲಿನ ಮುಚ್ಚಳವನ್ನು ನೀವು ತೆಗೆಯಬೇಡಿ. ಹೊರಗಿನಿಂದ ನೋಡಿ, ಸಂಶಯವಿದ್ದರೆ ಬಲ್ಲವರನ್ನು ಕರೆಯಿರಿ.

ಇಲ್ಲಿ 71 ಎಂಬ ಅಂಕಿ ಎರಡು ಡಿಗ್ರಿ ಆಚೀಚೆ ಆಗಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಒಂದೇ ಹೊರೆ ಹೊತ್ತ ಎರಡು ಬದಿಗಳ ನಡುವೆ 33 ಡಿಗ್ರಿ ಅಂತರ, ಅದೇ ಉತ್ತರ. ವಿದ್ಯುತ್ ತಪಾಸಣೆಯವರು ಅನುಸರಿಸುವ ಸೂತ್ರವೂ ಇಂಥದೇ: ಒಂದೇ ಬಗೆಯ, ಒಂದೇ ಹೊರೆಯ ಎರಡು ಜೋಡಣೆಗಳ ನಡುವೆ 15 ಡಿಗ್ರಿ ಮೀರಿದರೆ ಕೂಡಲೇ ಸರಿಪಡಿಸು. ಡಿಸೆಂಬರಿನಲ್ಲಿ ಊರಿಗೆ ಹೋದ ನಮ್ಮಲ್ಲೊಬ್ಬರು ಕ್ಯಾಮೆರಾವನ್ನು ಜೊತೆಗೊಯ್ದು, ನಮ್ಮ ಸಂಸ್ಥೆ ನೆರವಾಗುವ ಉತ್ತರ ಕರ್ನಾಟಕದ ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ ಇದನ್ನೇ ಮಾಡಿದರು. ಅಲ್ಲಿಯ ಎಲೆಕ್ಟ್ರಿಷಿಯನ್ ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪೆಟ್ಟಿಗೆ ತೆರೆದು ಪಂಪ್ ಓಡಿಸಿದ. ಆರ್ ಫೇಸ್ 41, ವೈ ಫೇಸ್ 42, ಬಿ ಫೇಸ್ 64. "ಸಾರ್, ಅದಕ್ಕೇ ವರ್ಷಕ್ಕೆರಡು ಸಲ ಮೋಟಾರ್ ಸುಡ್ತಿತ್ತು ನೋಡ್ರಿ!" ಎಂದು ಆತ ಹಣೆ ಹಣೆ ಬಡಿದುಕೊಂಡ. ಅಡುಗೆಮನೆಯ ಬೋರ್ಡಿನಲ್ಲೂ ಒಂದು ಸ್ವಿಚ್ ಹಾಗೇ ಸಿಕ್ಕಿತು. ನೂರಿಪ್ಪತ್ತು ಮಕ್ಕಳು ಮಲಗುವ ಕಟ್ಟಡ.

ಅಲ್ಲೇ ಇನ್ನೆರಡು ವಿಷಯವೂ ತಿಳಿದವು. ಬೇಸಿಗೆಯಲ್ಲಿ ತಾರಸಿಗೆ ಸುಣ್ಣ ಬಳಿದರೆ ಕೋಣೆ ಎಷ್ಟು ತಂಪಾದೀತು ಎಂದು ಅಳೆಯಲು ಈ ಕ್ಯಾಮೆರಾ ಬೇಕೇ ಎಂದು ವಾರ್ಡನ್ ಕೇಳಿದರು. ಬೇಡ. ಸೂರಿನ ಒಂದೊಂದು ಜಾಗದ ಅಂಕಿ ಸಾಕಾದ ಕಡೆ ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರೇ ಸಾಕು. ಇನ್ನು ಮಳೆಗಾಲದಲ್ಲಿ ಗೋಡೆಯ ತೇವ ಹುಡುಕುವುದು. ಕ್ಯಾಮೆರಾ ನೀರನ್ನು ನೋಡುವುದಿಲ್ಲ, ನೀರು ಆವಿಯಾಗುವಾಗ ಉಂಟಾಗುವ ತಂಪನ್ನು ನೋಡುತ್ತದೆ. ಒಣ ಹವೆಯ ಬೇ ಏರಿಯಾದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆಷಾಢದ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಗಾಳಿಯೇ ನೀರು ಕುಡಿದಿರುವಾಗ ಆವಿಯಾಗುವುದೆಲ್ಲಿಂದ? ಒದ್ದೆ ಗೋಡೆಯೂ ಒಣ ಗೋಡೆಯೂ ಒಂದೇ ಬಣ್ಣ.

ಇನ್ನು ಹಿರಿಯರು ಕೇಳಿದ ಮೂಲ ಪ್ರಶ್ನೆ. ಇದನ್ನು ಕೊನೆಗಿಟ್ಟುಕೊಂಡದ್ದು ನಮಗೆ ಅದು ಎಲ್ಲಕ್ಕಿಂತ ಕಷ್ಟವಾದ್ದರಿಂದ.

2020ರಲ್ಲಿ ಕೋವಿಡ್ ಬಂದಾಗ ವಿಮಾನ ನಿಲ್ದಾಣ, ಕಚೇರಿಗಳಲ್ಲೆಲ್ಲ ಥರ್ಮಲ್ ಕ್ಯಾಮೆರಾ ನಿಲ್ಲಿಸಿದ್ದು ನೆನಪಿರಬಹುದು. ಜ್ವರ ಅಳೆಯುವ ಇಂಥ ಉಪಕರಣಕ್ಕೆ ಅಂತರರಾಷ್ಟ್ರೀಯ ಮಾನದಂಡ ಕೇಳುವ ನಿಖರತೆ ಅರ್ಧ ಡಿಗ್ರಿ. ಒಬ್ಬೊಬ್ಬರನ್ನೇ ನಿಲ್ಲಿಸಿ ಕಣ್ಣಿನ ಒಳಮೂಲೆಯನ್ನು ನೋಡಬೇಕು, ಹೋಲಿಕೆಗೆ ಗೊತ್ತಿರುವ ಉಷ್ಣಾಂಶದ ಮೂಲವೊಂದನ್ನು ಪಕ್ಕದಲ್ಲಿಡುವುದು ವಾಡಿಕೆ. ಆರೋಗ್ಯವಂತನಿಗೂ ಜ್ವರದವನಿಗೂ ಇರುವ ಅಂತರವೇ ಒಂದೆರಡು ಡಿಗ್ರಿ. ಎರಡು ಡಿಗ್ರಿ ತಪ್ಪಬಹುದಾದ ನಮ್ಮ ಕ್ಯಾಮೆರಾ ಅಲ್ಲಿ ಏನು ಮಾಡೀತು?

ಸ್ತನ ಕ್ಯಾನ್ಸರ್ ಇನ್ನೂ ಸೂಕ್ಷ್ಮ. ಗಡ್ಡೆಯ ಸುತ್ತ ರಕ್ತಸಂಚಾರ ಹೆಚ್ಚಿ ಮೇಲಿನ ಚರ್ಮ ತುಸು ಬೆಚ್ಚಗಾಗಬಹುದು ಎಂಬುದು ನಿಜ. ಆದರೆ ಆಗಲೇಬೇಕೆಂದಿಲ್ಲ, ಆಳದಲ್ಲಿರುವ ಸಣ್ಣ ಗಡ್ಡೆ ಚರ್ಮದ ಮೇಲೆ ಸುಳಿವೇ ಕೊಡದಿರಬಹುದು. ಸೋಂಕಿನಿಂದಲೋ, ಆಗ ತಾನೇ ಬಿಸಿಲಿನಲ್ಲಿ ನಡೆದು ಬಂದುದರಿಂದಲೋ ಬೆಚ್ಚಗಿರಲೂಬಹುದು. ಅಮೆರಿಕದ ಎಫ್‌ಡಿಎ 2011ರಲ್ಲಿ, 2017ರಲ್ಲಿ, ಮತ್ತೆ 2019ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ: ಥರ್ಮೋಗ್ರಫಿ ಮ್ಯಾಮೊಗ್ರಾಮಿಗೆ ಬದಲಿಯಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ನಿರಾಮಯ್ ಎಂಬ ಕಂಪನಿ, ಗೀತಾ ಮಂಜುನಾಥ್ ಅವರ ನೇತೃತ್ವದಲ್ಲಿ, ಥರ್ಮಲ್ ಚಿತ್ರಗಳಿಂದ ಸ್ತನ ತಪಾಸಣೆಯ ವಿಧಾನವೊಂದನ್ನು ರೂಪಿಸಿದೆಯಲ್ಲ ಎಂದು ಕೆಲವರು ಕೇಳಿದರು. ಹೌದು, ಆದರೆ ಅಲ್ಲಿರುವುದು ಹೆಚ್ಚಿನ ರೆಸಲ್ಯೂಶನ್ನಿನ ಕ್ಯಾಮೆರಾ, ಚಿತ್ರ ತೆಗೆಯುವ ಮುನ್ನ ಮೈಯನ್ನು ತಣಿಸುವ ಕಟ್ಟುನಿಟ್ಟಾದ ಕ್ರಮ, ಯಂತ್ರಕಲಿಕೆಯ ಸಾಫ್ಟ್‌ವೇರ್, ಅದರ ಹಿಂದೆ ರೋಗಿಗಳ ಮೇಲಿನ ಅಧ್ಯಯನ. ನಮ್ಮ ಪಿಸ್ತೂಲನ್ನು ಶಿಬಿರದ ಸ್ವಯಂಸೇವಕರೊಬ್ಬರ ಕೈಗೆ ಕೊಡುವುದು ಅದಲ್ಲ. ಕೆಂಪು ಕಂಡು ಹೆದರಿದವರಿಗಿಂತ, ಕೆಂಪು ಕಾಣದೆ ನಿಶ್ಚಿಂತೆಯಿಂದ ಮನೆಗೆ ಹೋದವರ ವಿಷಯ ನಮ್ಮನ್ನು ಕಾಡಿತು. ನಮ್ಮ ಸಂಸ್ಥೆಯ ಹೆಸರಿನಲ್ಲಿ ಅಂಥ ನಿಶ್ಚಿಂತೆ ಹಂಚುವುದು ನಮಗೆ ಸಮ್ಮತವಾಗಲಿಲ್ಲ.

ಶಿವರಾತ್ರಿಯ ಮರುದಿನ ಮೂವರೂ ಸನಿವೇಲ್‌ನಲ್ಲಿ ಅವರ ಮನೆಗೆ ಹೋದೆವು. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅಮ್ಮನವರು ಸ್ಟೀಲ್ ಲೋಟದಲ್ಲೇ ಕಾಫಿ ತಂದರು. ನಾವು ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟು ಲೋಟವನ್ನು ನೋಡಲು ಹೇಳಿದೆವು.

"ಇದೇನ್ರೀ, ಕಾಫಿ ತಣ್ಣಗಿದೆ ಅಂತಿದೆ! ಸುಳ್ಳು ಹೇಳುತ್ತಾ ಇದು?"

"ಸುಳ್ಳಲ್ಲ ಸಾರ್. ಕಾಫೀನ ನೋಡ್ತಾ ಇಲ್ಲ ಅದು. ಲೋಟದ ಹೊಳಪಲ್ಲಿ ನಿಮ್ಮ ಮುಖ ನೋಡ್ತಾ ಇದೆ."

ಅವರು ಕ್ಯಾಮೆರಾ ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ನಾವು ಉಳಿದದ್ದನ್ನು ಹೇಳಿದೆವು. ಅವರು ಕೇಳಿದ್ದು ಒಂದೇ: "ಹಾಗಾದರೆ ನಮ್ಮಕ್ಕನಿಗೆ ಏನು ಮಾಡಿದ್ದಿದ್ದರೆ ಆಗ್ತಿತ್ತು?"

ಅದಕ್ಕೆ ನಮ್ಮ ಬಳಿ ಇದ್ದ ಉತ್ತರ ಎಂಜಿನಿಯರಿಂಗಿನದಲ್ಲ, ಸಂಸ್ಥೆಯ ವೈದ್ಯ ಸದಸ್ಯರು ತಿಳಿಸಿಕೊಟ್ಟದ್ದು. ಭಾರತ ಸರ್ಕಾರದ 2016ರ ತಪಾಸಣಾ ಮಾರ್ಗಸೂಚಿಯಲ್ಲಿ 30ರಿಂದ 65 ವಯಸ್ಸಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ, ತರಬೇತಾದ ಆರೋಗ್ಯ ಕಾರ್ಯಕರ್ತೆ ಕೈಯಿಂದಲೇ ಮಾಡುವ ಸ್ತನ ಪರೀಕ್ಷೆ ಇದೆ. ಬೇಕಾದ್ದು ಬೆರಳುಗಳು, ತರಬೇತಿ, ಮತ್ತು ಪರದೆ ಕಟ್ಟಿದ ಒಂದು ಮೂಲೆ. ಗಂಟು ಸಿಕ್ಕಿದರೆ ಮುಂದಿನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಬಸ್ಸಿನ ಖರ್ಚು, ಕಳೆದುಹೋಗುವ ಒಂದೆರಡು ದಿನದ ಕೂಲಿ, ಜೊತೆಗೆ ಹೋಗುವವರು ಯಾರು ಎಂಬ ಚಿಂತೆ: ಎಷ್ಟೋ ಜನ ನಿಂತುಬಿಡುವುದು ಅಲ್ಲಿಯೇ. ಹತ್ತು ಕ್ಯಾಮೆರಾದ 3,000 ಡಾಲರನ್ನು ಹಿರಿಯರು ಅದಕ್ಕೇ ಕೊಟ್ಟಿದ್ದಾರೆ: ಕಾರ್ಯಕರ್ತೆಯರ ತರಬೇತಿಗೆ, ಮತ್ತು ಪರೀಕ್ಷೆಗೆ ಹೋಗಿಬರುವ ಮಹಿಳೆಯರ ಪ್ರಯಾಣಕ್ಕೆ ಹಾಗೂ ಆ ದಿನಗಳ ಕೂಲಿಗೆ. ನಿಧಿಗೆ ಅವರ ಅಕ್ಕನ ಹೆಸರಿಡೋಣ ಎಂದೆವು, ಬೇಡ ಎಂದರು.

ವೈದ್ಯಕೀಯದಲ್ಲಿ ವ್ಯತ್ಯಾಸವೇ ಮುಖ್ಯವಾದ ಕಡೆಯೂ ಒಂದಿದೆ. ಸಕ್ಕರೆ ಕಾಯಿಲೆಯವರ ಎರಡು ಪಾದಗಳ ಒಂದೇ ಜಾಗದಲ್ಲಿ ದಿನದಿನವೂ 4 ಡಿಗ್ರಿ ಫ್ಯಾರನ್‌ಹೀಟಿಗಿಂತ ಹೆಚ್ಚು ಅಂತರ ಕಂಡರೆ ಹುಣ್ಣಾಗುವ ಮುನ್ಸೂಚನೆ ಎಂದು ವೈದ್ಯರು ಪರಿಗಣಿಸುತ್ತಾರೆ. ಅದನ್ನೂ ವೈದ್ಯರ ಸಲಹೆಯಿಂದ, ಚರ್ಮದ ಥರ್ಮಾಮೀಟರಿನಿಂದ ಮಾಡುವುದೇ ರೂಢಿ. ನಾವಾಗಿ ಕೈ ಹಾಕುವುದಿಲ್ಲ.

ಸಮಿತಿಗೆ ನಾವು ಕೊಟ್ಟ ಶಿಫಾರಸು ಹೀಗೆ. ಹಾಸ್ಟೆಲಿನ ಎಲೆಕ್ಟ್ರಿಷಿಯನ್‌ಗೆ ಒಂದು ಕ್ಯಾಮೆರಾ, ಭಾರತದಲ್ಲೇ ಕೊಳ್ಳುವುದು: ಗ್ಯಾರಂಟಿ ಅಲ್ಲಿ ಸಲ್ಲುತ್ತದೆ, ಕಸ್ಟಮ್ಸ್ ತಲೆನೋವಿಲ್ಲ. ಇಲ್ಲಿಂದ ಒಯ್ಯುವವರಿಗೆ ಇನ್ನೊಂದು ಮಾತು: ಥರ್ಮಲ್ ಕ್ಯಾಮೆರಾಗಳ ಮೇಲೆ ಅಮೆರಿಕದ ರಫ್ತು ನಿಯಮಗಳಿವೆ. ಸೆಕೆಂಡಿಗೆ 9 ಚಿತ್ರ ಅಥವಾ ಅದಕ್ಕಿಂತ ಕಡಿಮೆ ವೇಗದವಕ್ಕೆ ನಿಯಮ ಸಡಿಲ, ಅದಕ್ಕೇ ಇಷ್ಟೊಂದು ಕ್ಯಾಮೆರಾಗಳು ತಡವರಿಸುತ್ತ ಓಡುವುದು. ನಮ್ಮದು ಆ ಜಾತಿಯದೆಂದು ಖಚಿತಪಡಿಸಿಕೊಂಡೇ ಒಯ್ದಿದ್ದೆವು. ಪಾಲು ಹಾಕಿ ತರಿಸಿದ ಆ ಕ್ಯಾಮೆರಾವನ್ನು ನಾವು ಮೂವರೂ ಸಂಸ್ಥೆಗೇ ಕೊಟ್ಟಿದ್ದೇವೆ. ಸದಸ್ಯ ಕುಟುಂಬಗಳು ಒಂದು ವಾರಕ್ಕೆ ಎರವಲು ಪಡೆಯಬಹುದು, ಪ್ರತಿ ಸಲಕ್ಕೆ 25 ಡಾಲರ್ ಕಾಣಿಕೆ ಪ್ರಯಾಣದ ನಿಧಿಗೆ ಸೇರುತ್ತದೆ. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಹದಿನಾಲ್ಕು ಮನೆ ಸುತ್ತಿ ಬಂದಿದೆ. ಡಿಸೆಂಬರ್, ಜನವರಿ ವಾರಗಳಿಗೆ ಈಗಲೇ ಹೆಸರು ಕೊಡಿ, ಆಗ ನೂಕುನುಗ್ಗಲು. ಕಾರ್ ಚಾರ್ಜ್ ಮಾಡುವವರು ಕಾಯಬೇಕಿಲ್ಲ, ಯಾವ ತಿಂಗಳಾದರೂ ಆದೀತು. ಪೆಟ್ಟಿಗೆಯಲ್ಲಿ ಕ್ಯಾಮೆರಾ, ಚಾರ್ಜರ್, ಕನ್ನಡದಲ್ಲಿ ಬರೆದ ಎರಡು ಪುಟದ ಕೈಪಿಡಿ ಮತ್ತು ಕಪ್ಪು ಟೇಪಿನ ಸುರುಳಿ ಇವೆ. ಟೇಪ್ ಈಗಾಗಲೇ ಎರಡು ಸಲ ಕಳೆದುಹೋಗಿದೆ. ದಯವಿಟ್ಟು ಅದನ್ನೂ ಹಿಂದಿರುಗಿಸಿ.